ಶೇರ್ಡ್ ಹೋಸ್ಟಿಂಗ್‌ನಲ್ಲಿ ಪಿಎಚ್‌ಪಿ ವರ್ಷನ್ ಬದಲಾಯಿಸುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಸ್ವಂತ ಸೈಟ್ ಇಟ್ಟುಕೊಂಡಿರುವ ಗೆಳೆಯರು ಫೋನ್‌ನಲ್ಲಿ, ಇಮೇಲ್‌ನಲ್ಲಿ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿವು. ಅವರು ಕೇಳಿದ ಮಾತಿನಲ್ಲೇ ಇಟ್ಟಿದ್ದೇನೆ. ಪಿಎಚ್‌ಪಿ ಎಂದರೆ ಸೈಟ್‌ನ ಪುಟಗಳನ್ನು ಸರ್ವರ್‌ನಲ್ಲಿ ತಯಾರಿಸುವ ಪ್ರೋಗ್ರಾಮಿಂಗ್ ಭಾಷೆ. ಶೇರ್ಡ್ ಹೋಸ್ಟಿಂಗ್ ಎಂದರೆ ಒಂದೇ ಸರ್ವರನ್ನು ಹಲವರ ಸೈಟ್‌ಗಳು ಹಂಚಿಕೊಳ್ಳುವ ವ್ಯವಸ್ಥೆ. ಎಲ್ಲವನ್ನೂ ಓದಬೇಕಾಗಿಲ್ಲ, ನಿಮಗೆ ಬೇಕಾದದ್ದನ್ನು ಓದಿ. ಸೈಟ್ ಈಗಾಗಲೇ ಬಿದ್ದು ಗಾಬರಿಯಲ್ಲಿದ್ದರೆ ನೇರವಾಗಿ ‘ಬಿಳಿ ಪುಟ’ದ ಪ್ರಶ್ನೆಗೆ ಹೋಗಿ.

## ಶುರುವಿಗೆ

ನನ್ನ ಸೈಟ್ ಚೆನ್ನಾಗೇ ಓಡ್ತಿದೆ. ಸುಮ್ನೆ ಯಾಕೆ ವರ್ಷನ್ ಬದಲಾಯಿಸಬೇಕು?

ಓಡುತ್ತಿದೆ ನಿಜ, ಆದರೆ ಕಾವಲಿಲ್ಲದೆ ಓಡುತ್ತಿರಬಹುದು. ಪಿಎಚ್‌ಪಿಯ ಪ್ರತಿ ವರ್ಷನ್‌ಗೂ ಒಂದು ಆಯಸ್ಸಿದೆ. ಈಗಿನ ನಿಯಮದಂತೆ ಬಿಡುಗಡೆಯಾದ ಮೇಲೆ ಎರಡು ವರ್ಷ ಎಲ್ಲ ಬಗೆಯ ತಪ್ಪುಗಳನ್ನೂ ತಿದ್ದುತ್ತಾರೆ. ಆಮೇಲೆ ಎರಡು ವರ್ಷ ಭದ್ರತೆಗೆ ಸಂಬಂಧಿಸಿದ ತಪ್ಪುಗಳನ್ನು ಮಾತ್ರ ತಿದ್ದುತ್ತಾರೆ. ಅಲ್ಲಿಗೆ ಮುಗಿಯಿತು. ಅದಾದ ಮೇಲೆ ಅದರಲ್ಲಿ ತೂತು ಸಿಕ್ಕರೂ ಪಿಎಚ್‌ಪಿ ತಂಡ ಮುಚ್ಚುವುದಿಲ್ಲ.

5.6ರ ಬೆಂಬಲ 2018ರ ಡಿಸೆಂಬರ್ 31ಕ್ಕೆ ಮುಗಿದಿದೆ. 7.4ರದ್ದು 2022ರ ನವೆಂಬರ್ 28ಕ್ಕೆ, 8.0ಯದ್ದು 2023ರ ನವೆಂಬರ್ 26ಕ್ಕೆ ಮುಗಿಯಿತು. ಇವುಗಳ ಮೇಲೆ ಇವತ್ತಿಗೂ ಓಡುವ ಸೈಟ್‌ಗಳನ್ನು ನಾನು ಆಗಾಗ ನೋಡುತ್ತೇನೆ. ನೋಡಿದಾಗಲೆಲ್ಲ ಆತಂಕವಾಗುತ್ತದೆ.

ವೇಗವೂ ಒಂದು ಕಾರಣ. 5.6ರಿಂದ 7ಕ್ಕೆ ಹೋದಾಗ ವರ್ಡ್‌ಪ್ರೆಸ್‌ನಂಥ ಸೈಟ್‌ಗಳು ಹೆಚ್ಚುಕಡಿಮೆ ಎರಡು ಪಟ್ಟು ಚುರುಕಾದವು. ಒಂದು ರೂಪಾಯಿ ಜಾಸ್ತಿ ಕೊಡದೆ, ಅದೇ ಪ್ಲಾನ್‌ನಲ್ಲಿ ಸಿಗುವ ಲಾಭ ಇದು.

ಈಗ ನನ್ನ ಸೈಟ್ ಯಾವ ವರ್ಷನ್‌ನಲ್ಲಿದೆ ಅಂತ ಹೇಗೆ ತಿಳ್ಕೊಳ್ಳೋದು?

ವರ್ಡ್‌ಪ್ರೆಸ್ ಇದ್ದರೆ ಡ್ಯಾಶ್‌ಬೋರ್ಡ್‌ನಲ್ಲಿ ‘ಟೂಲ್ಸ್’, ಅದರೊಳಗೆ ‘ಸೈಟ್ ಹೆಲ್ತ್’, ಅಲ್ಲಿ ‘ಇನ್ಫೊ’ ಟ್ಯಾಬ್, ಅದರ ಕೆಳಗೆ ‘ಸರ್ವರ್’. ಪಿಎಚ್‌ಪಿ ವರ್ಷನ್ ಅಲ್ಲೇ ಬರೆದಿರುತ್ತದೆ.

ಬೇರೆ ಸೈಟ್ ಆದರೆ ‘ಪಿಎಚ್‌ಪಿಇನ್ಫೊ’ ಎಂಬ ಫಂಕ್ಷನ್ ಕರೆಯುವ ಒಂದೇ ಸಾಲಿನ ಫೈಲ್ ಬರೆದು, ಸೈಟ್‌ನ ಫೋಲ್ಡರ್‌ಗೆ ಹಾಕಿ, ಬ್ರೌಸರ್‌ನಲ್ಲಿ ತೆರೆಯಿರಿ. ಉದ್ದನೆಯ ಪುಟ ಬರುತ್ತದೆ. ತಲೆಯಲ್ಲೇ ವರ್ಷನ್ ಇರುತ್ತದೆ. ಸ್ವಲ್ಪ ಕೆಳಗೆ ‘ಸರ್ವರ್ ಎಪಿಐ’ ಮತ್ತು ‘ಲೋಡೆಡ್ ಕಾನ್ಫಿಗರೇಷನ್ ಫೈಲ್’ ಎಂಬ ಎರಡು ಸಾಲುಗಳಿವೆ. ಅವನ್ನೂ ಬರೆದಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತವೆ.

ಕೆಲಸ ಮುಗಿದ ಕೂಡಲೇ ಆ ಫೈಲ್ ಅಳಿಸಿ. ನಿಮ್ಮ ಸರ್ವರ್‌ನ ಒಳಮನೆಯ ವಿವರವೆಲ್ಲ ಅದರಲ್ಲಿರುತ್ತದೆ. ದಾರಿಹೋಕರಿಗೆ ಅದು ಕಾಣಬಾರದು.

ಹೋಸ್ಟಿಂಗ್ ಪ್ಯಾನೆಲ್‌ನಲ್ಲೂ ವರ್ಷನ್ ತೋರಿಸುತ್ತದಲ್ವಾ ಅಂತ ಕೇಳುತ್ತಾರೆ. ತೋರಿಸುತ್ತದೆ. ಆದರೆ ಪ್ಯಾನೆಲ್ ಹೇಳುವುದು ನೀವು ಏನು ಆರಿಸಿದ್ದೀರಿ ಎಂದು, ಪಿಎಚ್‌ಪಿಇನ್ಫೊ ಹೇಳುವುದು ನಿಜವಾಗಿ ಏನು ಓಡುತ್ತಿದೆ ಎಂದು. ಎರಡೂ ಬೇರೆ ಬೇರೆ ಇದ್ದದ್ದನ್ನು ಕಂಡಿದ್ದೇನೆ.

ಯಾವ ವರ್ಷನ್ ಆರಿಸ್ಕೊಳ್ಳಲಿ? ಎಲ್ಲಕ್ಕಿಂತ ಹೊಸದೇ ಒಳ್ಳೇದಲ್ವಾ?

ಯಾವಾಗಲೂ ಅಲ್ಲ. ನಿಮ್ಮ ಥೀಮ್ (ಸೈಟ್‌ನ ವಿನ್ಯಾಸ), ಪ್ಲಗಿನ್ (ಸೈಟ್‌ಗೆ ಸೇರಿಸಿಕೊಂಡ ಹೆಚ್ಚುವರಿ ಸೌಲಭ್ಯ), ಕೋಡ್ ಇವೆಲ್ಲ ಒಪ್ಪುವ ವರ್ಷನ್‌ಗಳಲ್ಲಿ ಹೊಸದು ಯಾವುದೋ ಅದು ಒಳ್ಳೆಯದು.

ಭದ್ರತಾ ಬೆಂಬಲದ ಕೊನೆ ದಿನಗಳು ಹೀಗಿವೆ: 8.1ಕ್ಕೆ 2025ರ ಡಿಸೆಂಬರ್ 31, 8.2ಕ್ಕೆ 2026, 8.3ಕ್ಕೆ 2027, 8.4ಕ್ಕೆ 2028. ಎಲ್ಲದಕ್ಕೂ ತಾರೀಖು ಡಿಸೆಂಬರ್ 31 ಆದ್ದರಿಂದ ನೆನಪಿಡುವುದು ಸುಲಭ. 2025ರ ನವೆಂಬರ್‌ನಲ್ಲಿ 8.5 ಬಂತು.

ನನ್ನ ರೂಢಿ ಹೇಳುತ್ತೇನೆ. ಹೊಚ್ಚಹೊಸ ವರ್ಷನ್ ಬಂದ ಕೂಡಲೇ ಹಾರುವುದಿಲ್ಲ. ಅದಕ್ಕಿಂತ ಒಂದು ಮೆಟ್ಟಿಲು ಕೆಳಗಿನದನ್ನು ಹಾಕುತ್ತೇನೆ. ಪ್ಲಗಿನ್ ಬರೆಯುವವರಿಗೆ ತಮ್ಮ ಕೋಡ್ ಸರಿಮಾಡಿಕೊಳ್ಳಲು ಒಂದು ವರ್ಷವಾದರೂ ಸಿಕ್ಕಿರುತ್ತದೆ. ವರ್ಡ್‌ಪ್ರೆಸ್ ಕೂಡ 8.3 ಅಥವಾ ಅದಕ್ಕಿಂತ ಹೊಸದನ್ನು ಬಳಸಿ ಎನ್ನುತ್ತದೆ.

8.3.14 ಎಂಬ ಥರದ ಮೂರನೇ ಅಂಕಿಯ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಅದು ತೇಪೆಯ ಲೆಕ್ಕ. ಅದನ್ನು ಹೋಸ್ಟಿಂಗ್‌ನವರೇ ಏರಿಸುತ್ತಾರೆ.

5 ಆದ್ಮೇಲೆ 7 ಬಂತು. 6 ಎಲ್ಲಿ ಹೋಯ್ತು?

ಬರಲೇ ಇಲ್ಲ. ಯೂನಿಕೋಡ್ ಅನ್ನು ಭಾಷೆಯ ಬೇರಿಗೇ ಸೇರಿಸಬೇಕೆಂದು 6ರ ಕೆಲಸ ಶುರುವಾಗಿತ್ತು, ಆದರೆ ದಡ ಸೇರಲಿಲ್ಲ. ಅಷ್ಟರಲ್ಲಿ ಅದರ ಹೆಸರಿನಲ್ಲಿ ಪುಸ್ತಕಗಳೂ ಬಂದಿದ್ದವು. ಗೊಂದಲ ಬೇಡವೆಂದು 2015ರ ಡಿಸೆಂಬರ್‌ನಲ್ಲಿ ನೇರವಾಗಿ 7 ಎಂದೇ ಬಿಡುಗಡೆ ಮಾಡಿದರು. ನಿಮ್ಮ ಪ್ಯಾನೆಲ್‌ನ ಪಟ್ಟಿಯಲ್ಲಿ 6 ಕಾಣದಿದ್ದರೆ ಏನೂ ಕೆಟ್ಟಿಲ್ಲ.

## ಬದಲಾಯಿಸುವಾಗ

ಬಟನ್ ಒತ್ತೋಕೆ ಮುಂಚೆ ಏನೇನು ಮಾಡಿಟ್ಕೋಬೇಕು?

ಬದಲಾಯಿಸುವುದು ಒಂದು ಕ್ಲಿಕ್‌ನ ಕೆಲಸ. ಅದರ ಹಿಂದಿನ ಅರ್ಧ ಗಂಟೆಯ ತಯಾರಿಯೇ ನಿಜವಾದ ಕೆಲಸ.

ಮೊದಲು ಬ್ಯಾಕಪ್. ಫೈಲ್‌ಗಳದ್ದೂ ಬೇಕು, ಡೇಟಾಬೇಸ್‌ದೂ ಬೇಕು. ಅದನ್ನು ನಿಮ್ಮ ಕಂಪ್ಯೂಟರ್‌ಗೆ ಇಳಿಸಿಕೊಳ್ಳಿ. ಅದೇ ಸರ್ವರ್‌ನಲ್ಲಿ ಬಿಟ್ಟ ಬ್ಯಾಕಪ್ ಅರ್ಧ ಬ್ಯಾಕಪ್ ಅಷ್ಟೇ. ವರ್ಷನ್ ಬದಲಾಯಿಸಿದರೆ ಡೇಟಾ ಅಳಿಸಿಹೋಗುವುದಿಲ್ಲ ಎಂಬುದು ನಿಜ. ಆದರೆ ಹೊಸ ವರ್ಷನ್‌ನಲ್ಲಿ ಅರ್ಧಕ್ಕೆ ನಿಂತ ಕೋಡ್ ಡೇಟಾಬೇಸ್‌ಗೆ ಏನೋ ಒಂದನ್ನು ಬರೆದುಬಿಟ್ಟರೆ ಹಿಂದೆ ಹೋಗಲು ಪ್ರತಿ ಬೇಕೇ ಬೇಕು.

ಎರಡನೆಯದು, ಹಳೆ ವರ್ಷನ್‌ನಲ್ಲಿದ್ದಾಗಲೇ ಥೀಮ್, ಪ್ಲಗಿನ್‌ಗಳನ್ನು ಅಪ್‌ಡೇಟ್ ಮಾಡಿ ಮುಗಿಸಿ. ಈ ಕ್ರಮ ಮುಖ್ಯ. ಹೊಸ ವರ್ಷನ್‌ಗೆ ಹೋದ ಮೇಲೆ ಹಳೆ ಪ್ಲಗಿನ್ ಸೈಟನ್ನೇ ಬೀಳಿಸಿದರೆ, ಅಪ್‌ಡೇಟ್ ಮಾಡಲು ಡ್ಯಾಶ್‌ಬೋರ್ಡ್ ಕೂಡ ತೆರೆಯುವುದಿಲ್ಲ.

ಮೂರನೆಯದು, ಈಗಿನ ವರ್ಷನ್, ಆನ್ ಇರುವ ಎಕ್ಸ್‌ಟೆನ್ಷನ್‌ಗಳ (ಪಿಎಚ್‌ಪಿಗೆ ಹೆಚ್ಚುವರಿ ಸಾಮರ್ಥ್ಯ ಕೊಡುವ ತುಣುಕುಗಳ) ಪಟ್ಟಿ, ಮೆಮೊರಿ ಮತ್ತು ಅಪ್‌ಲೋಡ್ ಮಿತಿ ಇವನ್ನು ಬರೆದಿಡಿ. ಒಂದು ಸ್ಕ್ರೀನ್‌ಶಾಟ್ ತೆಗೆದರೂ ಸಾಕು.

ಸಾಧ್ಯವಿದ್ದರೆ ಒಂದು ಸಬ್‌ಡೊಮೈನ್ ಮಾಡಿ, ಸೈಟ್‌ನ ನಕಲನ್ನು ಬೇರೆ ಡೇಟಾಬೇಸ್ ಜೊತೆ ಅಲ್ಲಿಟ್ಟು, ಅದಕ್ಕೆ ಮಾತ್ರ ಹೊಸ ವರ್ಷನ್ ಕೊಟ್ಟು ನೋಡಿ. ಬೇರೆ ಡೇಟಾಬೇಸ್ ಎಂದದ್ದನ್ನು ಮರೆಯಬೇಡಿ. ನಕಲು ಸೈಟ್ ಅಸಲಿ ಡೇಟಾಬೇಸ್‌ಗೇ ಬರೆಯುತ್ತಿದ್ದರೆ ಅದು ಪರೀಕ್ಷೆಯಾಗುವುದಿಲ್ಲ.

ಪ್ಯಾನೆಲ್‌ನಲ್ಲಿ ಎಲ್ಲಿಗೆ ಹೋಗ್ಬೇಕು?

ಸಿಪ್ಯಾನೆಲ್ ಎಂಬ ಹೋಸ್ಟಿಂಗ್ ಪ್ಯಾನೆಲ್ ಇದ್ದರೆ ‘ಸಾಫ್ಟ್‌ವೇರ್’ ಎಂಬ ಭಾಗದಲ್ಲಿ ‘ಮಲ್ಟಿಪಿಎಚ್‌ಪಿ ಮ್ಯಾನೇಜರ್’ ಇರುತ್ತದೆ. ನಿಮ್ಮ ಡೊಮೈನ್‌ಗಳ ಪಟ್ಟಿ ಬರುತ್ತದೆ. ಬೇಕಾದ ಡೊಮೈನ್‌ಗೆ ಟಿಕ್ ಹಾಕಿ, ಮೇಲಿನ ಪಟ್ಟಿಯಿಂದ ವರ್ಷನ್ ಆರಿಸಿ, ‘ಅಪ್ಲೈ’ ಒತ್ತಿ. ಪಟ್ಟಿಯಲ್ಲಿ ‘ಇಎ-ಪಿಎಚ್‌ಪಿ83’ ಎಂದಿದ್ದರೆ ಅದು 8.3. ಪ್ಲೆಸ್ಕ್ ಎಂಬ ಇನ್ನೊಂದು ಪ್ಯಾನೆಲ್‌ನಲ್ಲಾದರೆ ಡೊಮೈನ್ ತೆರೆದು ಅದರ ಪಿಎಚ್‌ಪಿ ಸೆಟ್ಟಿಂಗ್ಸ್‌ಗೆ ಹೋಗಿ.

ಬದಲಾಯಿಸಿ ಒಂದೆರಡು ನಿಮಿಷ ಬಿಟ್ಟು ನೋಡಿ. ಸೈಟ್‌ನಲ್ಲಿ ಕ್ಯಾಶ್ (ಪುಟದ ಪ್ರತಿ ಉಳಿಸಿಡುವ) ಪ್ಲಗಿನ್ ಇದ್ದರೆ ಅದನ್ನು ಖಾಲಿ ಮಾಡಿಯೇ ನೋಡಬೇಕು. ಇಲ್ಲದಿದ್ದರೆ ನಿಮಗೆ ಕಾಣುವುದು ಹಳೆಯ ಪುಟ. ‘ಏನೂ ತೊಂದರೆ ಆಗಲಿಲ್ಲ’ ಎಂದು ಖುಷಿಪಟ್ಟು ಮಲಗಿ, ಬೆಳಗ್ಗೆ ಎದ್ದು ನೋಡಿದರೆ ಸೈಟ್ ಬಿದ್ದಿರುತ್ತದೆ.

ನನಗೆ ಎರಡು ಕಡೆ ಪಿಎಚ್‌ಪಿ ಆಯ್ಕೆ ಕಾಣ್ಸುತ್ತೆ. ಒಂದರಲ್ಲಿ 8.2, ಇನ್ನೊಂದರಲ್ಲಿ 7.4. ಯಾವುದು ನಿಜ?

ನಿಮ್ಮ ಹೋಸ್ಟಿಂಗ್ ಕ್ಲೌಡ್‌ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಂ ಮೇಲಿದೆ ಎಂದು ಅರ್ಥ. ಅದು ಸಿಪ್ಯಾನೆಲ್‌ಗೆ ‘ಸೆಲೆಕ್ಟ್ ಪಿಎಚ್‌ಪಿ ವರ್ಷನ್’ ಎಂಬ ತನ್ನದೇ ಐಕಾನ್ (ಸೆಲೆಕ್ಟರ್) ಸೇರಿಸುತ್ತದೆ. ಸಾಮಾನ್ಯವಾಗಿ ಅದರ ಆಯ್ಕೆ ಇಡೀ ಖಾತೆಗೆ ಅನ್ವಯವಾಗುತ್ತದೆ. ಮಲ್ಟಿಪಿಎಚ್‌ಪಿಯದ್ದು ಡೊಮೈನ್‌ಗೆ ಡೊಮೈನ್ ಬೇರೆ.

ಒಂದು ಡೊಮೈನ್‌ಗೆ ಮಲ್ಟಿಪಿಎಚ್‌ಪಿಯಲ್ಲಿ ಬೇರೆಯೇ ವರ್ಷನ್ ಕೊಟ್ಟಿದ್ದರೆ, ಆ ಡೊಮೈನ್‌ನಲ್ಲಿ ಅದೇ ನಡೆಯುತ್ತದೆ. ಸೆಲೆಕ್ಟರ್‌ನ ಮಾತು ನಡೆಯಬೇಕಾದರೆ ಮಲ್ಟಿಪಿಎಚ್‌ಪಿಯಲ್ಲಿ ಆ ಡೊಮೈನ್ ‘ಇನ್‌ಹೆರಿಟ್’ ಎಂದಿರಬೇಕು. ಎಷ್ಟೋ ಜನ ಸೆಲೆಕ್ಟರ್‌ನಲ್ಲಿ ಹತ್ತು ಸಲ ಬದಲಾಯಿಸಿ, ಏನೂ ಆಗುತ್ತಿಲ್ಲವೆಂದು ಬೇಸರಪಟ್ಟುಕೊಳ್ಳುವುದು ಇದೇ ಕಾರಣಕ್ಕೆ. ಸಂಶಯ ಬಂದರೆ ಪಿಎಚ್‌ಪಿಇನ್ಫೊ ಪುಟ ತೆರೆಯಿರಿ, ಅದು ಸುಳ್ಳು ಹೇಳುವುದಿಲ್ಲ.

ಒಂದೇ ಖಾತೆಯಲ್ಲಿ ನಾಲ್ಕು ಸೈಟ್ ಇವೆ. ಒಂದಕ್ಕೆ ಮಾತ್ರ ಬದಲಾಯಿಸ್ಬಹುದಾ?

ಮಲ್ಟಿಪಿಎಚ್‌ಪಿ ಇದ್ದರೆ ಆಗುತ್ತದೆ. ಪ್ರತಿ ಡೊಮೈನ್, ಸಬ್‌ಡೊಮೈನ್‌ಗೂ ಬೇರೆ ಬೇರೆ ವರ್ಷನ್ ಕೊಡಬಹುದು. ಒಂದೇ ಡೊಮೈನ್‌ನ ಒಳಗಿನ ಒಂದು ಫೋಲ್ಡರ್‌ಗೆ ಮಾತ್ರ ಬೇರೆ ವರ್ಷನ್ ಬೇಕೆಂದರೆ ಪ್ಯಾನೆಲ್‌ನಲ್ಲಿ ಆ ಅನುಕೂಲವಿಲ್ಲ. ಆ ಫೋಲ್ಡರ್ ಅನ್ನು ಸಬ್‌ಡೊಮೈನ್ ಮಾಡುವುದೇ ನೇರ ದಾರಿ.

ಒಂದು ಎಚ್ಚರ. ಮೂರು ಸೈಟ್ ಹೊಸದಾಗಿ, ಒಂದು ಮಾತ್ರ 5.6ರಲ್ಲೇ ಉಳಿದರೆ ಖಾತೆ ಸುರಕ್ಷಿತವಾದಂತಲ್ಲ. ಎಲ್ಲವೂ ಒಂದೇ ಬಳಕೆದಾರನ ಹೆಸರಿನಲ್ಲಿ ಓಡುತ್ತವೆ. ಹಳೆ ಸೈಟ್‌ಗೆ ಹೊಕ್ಕವನು ಪಕ್ಕದ ಫೋಲ್ಡರ್‌ಗಳಿಗೂ ಕೈ ಹಾಕಬಲ್ಲ.

## ಬದಲಾಯಿಸಿದ ಮೇಲೆ

ಬದಲಾಯಿಸಿದ ತಕ್ಷಣ ಬರೀ ಬಿಳಿ ಪುಟ ಬರ್ತಿದೆ! ಏನ್ಮಾಡ್ಲಿ?

ಮೊದಲು ಹಳೆ ವರ್ಷನ್‌ಗೆ ವಾಪಸ್ ಹೋಗಿ. ಅದೇ ಪುಟ, ಅದೇ ಪಟ್ಟಿ, ಅದೇ ಬಟನ್. ಸೈಟ್ ಮತ್ತೆ ಎದ್ದು ನಿಲ್ಲುತ್ತದೆ. ಈಗ ಉಸಿರು ಬಿಟ್ಟು, ಸಮಾಧಾನವಾಗಿ ಕಾರಣ ಹುಡುಕಬಹುದು.

ಕಾರಣ ಲಾಗ್‌ನಲ್ಲಿರುತ್ತದೆ. ಫೈಲ್ ಮ್ಯಾನೇಜರ್ ತೆರೆದು ಸೈಟ್‌ನ ಫೋಲ್ಡರ್‌ನಲ್ಲಿ ‘ಎರರ್ ಲಾಗ್’ ಎಂಬ ಫೈಲ್ ಹುಡುಕಿ. ಅದರ ಕೊನೆಯಿಂದ ಓದಿ, ಮೊದಲಿನಿಂದಲ್ಲ. ‘ಫೇಟಲ್ ಎರರ್’ ಎಂದು ಶುರುವಾಗುವ ಸಾಲು ನಿಮಗೆ ಬೇಕಾದದ್ದು. ಆ ಸಾಲಿನಲ್ಲಿ ಮೂರು ವಿಷಯ ಇರುತ್ತದೆ: ಏನಾಯಿತು, ಯಾವ ಫೈಲ್‌ನಲ್ಲಿ, ಎಷ್ಟನೇ ಸಾಲಿನಲ್ಲಿ. ನೀವು ಮೊದಲು ನೋಡಬೇಕಾದದ್ದು ಫೈಲ್‌ನ ದಾರಿ. ಅದರಲ್ಲಿ ‘ಪ್ಲಗಿನ್ಸ್’ ಎಂಬ ಪದದ ಮುಂದೆ ಯಾವ ಫೋಲ್ಡರ್ ಹೆಸರಿದೆಯೋ ಅದೇ ತೊಂದರೆ ಕೊಟ್ಟ ಪ್ಲಗಿನ್. ಕೋಡ್ ಓದಲು ಬರದಿದ್ದರೂ ಇಷ್ಟನ್ನು ಯಾರು ಬೇಕಾದರೂ ಕಂಡುಹಿಡಿಯಬಹುದು.

ಆ ಪ್ಲಗಿನ್‌ಗೆ ಅಪ್‌ಡೇಟ್ ಇದ್ದರೆ ಹಾಕಿ. ಇಲ್ಲದಿದ್ದರೆ ಬದಲಿ ಹುಡುಕಿ. ಡ್ಯಾಶ್‌ಬೋರ್ಡ್‌ಗೆ ಹೋಗಲಾಗದಿದ್ದರೆ ಫೈಲ್ ಮ್ಯಾನೇಜರ್‌ನಲ್ಲೇ ಆ ಪ್ಲಗಿನ್ ಫೋಲ್ಡರ್‌ನ ಹೆಸರು ಬದಲಾಯಿಸಿ. ವರ್ಡ್‌ಪ್ರೆಸ್ ಅದನ್ನು ಆಫ್ ಮಾಡುತ್ತದೆ. ಅಂದ ಹಾಗೆ, 5.2ರ ನಂತರದ ವರ್ಡ್‌ಪ್ರೆಸ್ ಇಂಥ ಹೊತ್ತಲ್ಲಿ ಅಡ್ಮಿನ್ ಇಮೇಲ್‌ಗೆ ‘ರಿಕವರಿ ಮೋಡ್’ ಲಿಂಕ್ ಕಳಿಸುತ್ತದೆ. ಆ ಇಮೇಲ್ ವಿಳಾಸ ಈಗಲೂ ನಿಮ್ಮದೇ ತಾನೇ? ಈಗಲೇ ನೋಡಿಕೊಳ್ಳಿ.

ಸೈಟ್ ಬರ್ತಿದೆ, ಆದ್ರೆ ಮೇಲುಗಡೆ ‘ಡೆಪ್ರಿಕೇಟೆಡ್’ ಅಂತ ಏನೇನೋ ಸಾಲು ಕಾಣ್ತಿದೆ

ಇದು ತಪ್ಪಲ್ಲ, ಮುನ್ಸೂಚನೆ. ಈ ಬಗೆಯ ಕೋಡ್ ಈಗ ಓಡುತ್ತದೆ, ಮುಂದೊಂದು ವರ್ಷನ್‌ನಲ್ಲಿ ಓಡುವುದಿಲ್ಲ ಎಂದು ಪಿಎಚ್‌ಪಿ ಹೇಳುತ್ತಿದೆ. ಓದುಗರಿಗೆ ಅದು ಕಾಣುವುದು ಬೇಡ. ಮಲ್ಟಿಪಿಎಚ್‌ಪಿ ಐಎನ್‌ಐ ಎಡಿಟರ್‌ನಲ್ಲಿ ‘ಡಿಸ್‌ಪ್ಲೇ ಎರರ್ಸ್’ ಆಫ್ ಮಾಡಿ. ‘ಲಾಗ್ ಎರರ್ಸ್’ ಮಾತ್ರ ಆನ್ ಇರಲಿ. ಪುಟದಿಂದ ಮರೆಯಾದರೂ ಲಾಗ್‌ನಲ್ಲಿ ಉಳಿದಿರಬೇಕು.

ನಿನ್ನೆವರೆಗೂ ಇದ್ದ ಎಕ್ಸ್‌ಟೆನ್ಷನ್ ಇವತ್ತು ಇಲ್ಲ ಅಂತಿದೆ. ಅದೆಲ್ಲಿ ಹೋಯ್ತು?

ಪ್ರತಿ ವರ್ಷನ್‌ಗೂ ಅದರದ್ದೇ ಎಕ್ಸ್‌ಟೆನ್ಷನ್‌ಗಳ ಗಂಟು ಇರುತ್ತದೆ. 7.4ರಲ್ಲಿ ಆನ್ ಮಾಡಿದ್ದು 8.3ಕ್ಕೆ ತಾನಾಗಿ ಬರುವುದಿಲ್ಲ. ಮೈಎಸ್‌ಕ್ಯುಎಲ್ ಎಕ್ಸ್‌ಟೆನ್ಷನ್ ಇಲ್ಲವೆಂದು ವರ್ಡ್‌ಪ್ರೆಸ್ ಹೇಳಿದರೆ ನಿಮ್ಮ ಡೇಟಾಬೇಸ್ ಕಳೆದುಹೋಗಿಲ್ಲ. ‘ಮೈಎಸ್‌ಕ್ಯುಎಲ್‌ಐ’ ಆನ್ ಆಗಿಲ್ಲ, ಅಷ್ಟೇ. ಕ್ಲೌಡ್‌ಲಿನಕ್ಸ್ ಇದ್ದ ಕಡೆ ‘ಎಕ್ಸ್‌ಟೆನ್ಷನ್ಸ್’ ಟ್ಯಾಬ್‌ನಲ್ಲಿ ಟಿಕ್ ಹಾಕಿದರೆ ಮುಗಿಯಿತು. ಇಲ್ಲದಿದ್ದರೆ ಹೋಸ್ಟಿಂಗ್‌ನವರಿಗೆ ಟಿಕೆಟ್ ಹಾಕಿ ಕೇಳಿ.

ಕನ್ನಡದಲ್ಲಿ ಬರೆಯುವವರು ‘ಎಂಬಿಸ್ಟ್ರಿಂಗ್’ ಇದೆಯೇ ಎಂದು ತಪ್ಪದೆ ನೋಡಬೇಕು. ‘ಕನ್ನಡ’ ಎಂಬ ಪದವನ್ನೇ ತೆಗೆದುಕೊಳ್ಳಿ. ಪಿಎಚ್‌ಪಿಯ ಮಾಮೂಲಿ ಫಂಕ್ಷನ್ ಅದರ ಉದ್ದ 15 ಎನ್ನುತ್ತದೆ, ಏಕೆಂದರೆ ಅದು ಬೈಟ್‌ಗಳನ್ನು ಎಣಿಸುತ್ತದೆ. ನಮ್ಮ ಲಿಪಿಯ ಒಂದೊಂದು ಸಂಕೇತಕ್ಕೂ ಯುಟಿಎಫ್-8ರಲ್ಲಿ ಮೂರು ಬೈಟ್. ಎಂಬಿಸ್ಟ್ರಿಂಗ್ ಅದೇ ಪದವನ್ನು 5 ಎಂದು ಎಣಿಸುತ್ತದೆ: ಕ, ನ, ಅರ್ಧಾಕ್ಷರದ ಗುರುತು, ಮತ್ತೆ ನ, ಡ. ಬೈಟ್ ಲೆಕ್ಕದಲ್ಲಿ ಬರಹ ಕತ್ತರಿಸಿದರೆ ಅಕ್ಷರದ ಮಧ್ಯಕ್ಕೇ ಕತ್ತರಿ ಬೀಳುತ್ತದೆ. ಲೇಖನದ ಸಾರಾಂಶದ ಕೊನೆಯಲ್ಲಿ ಕಪ್ಪು ವಜ್ರದೊಳಗೆ ಪ್ರಶ್ನೆ ಚಿಹ್ನೆ ಕಂಡಿದ್ದೀರಲ್ವಾ? ಅದು ಹೀಗೆ ತುಂಡಾದ ಅಕ್ಷರ.

ಮೊದಲು ದೊಡ್ಡ ಫೋಟೊ ಅಪ್‌ಲೋಡ್ ಆಗ್ತಿತ್ತು, ಈಗ ಆಗ್ತಿಲ್ಲ

ಮಿತಿಗಳೂ ವರ್ಷನ್ ಜೊತೆ ಬದಲಾಗುತ್ತವೆ. ಪಿಎಚ್‌ಪಿಯ ಮೂಲ ಮಿತಿಯಲ್ಲಿ ಒಂದು ಫೈಲ್‌ಗೆ 2 ಎಂಬಿ, ಇಡೀ ಫಾರಂಗೆ 8 ಎಂಬಿ, ಮೆಮೊರಿ 128 ಎಂಬಿ. ಹಳೆ ವರ್ಷನ್‌ಗೆ ನೀವೋ ಹೋಸ್ಟಿಂಗ್‌ನವರೋ ಏರಿಸಿದ್ದಿರಬಹುದು, ಹೊಸದಕ್ಕೆ ಮತ್ತೆ ಏರಿಸಬೇಕು. ಫಾರಂ ಮಿತಿ ಯಾವಾಗಲೂ ಫೈಲ್ ಮಿತಿಗಿಂತ ಜಾಸ್ತಿ ಇರಲಿ. ಸೈಟ್‌ನ ಫೋಲ್ಡರ್‌ನಲ್ಲಿಡುವ ಪಿಎಚ್‌ಪಿ ಸೆಟ್ಟಿಂಗ್ಸ್ ಫೈಲ್ ಆದ ‘ಯೂಸರ್ ಐಎನ್‌ಐ’ ಮೂಲಕ ಬದಲಾಯಿಸಿದ್ದರೆ ಐದು ನಿಮಿಷ ಕಾಯಿರಿ. ಆ ಫೈಲನ್ನು ಪಿಎಚ್‌ಪಿ ಮತ್ತೆ ಓದುವುದು 300 ಸೆಕೆಂಡ್‌ಗೊಮ್ಮೆ.

## ಸ್ವಲ್ಪ ಆಳಕ್ಕೆ

ಎಲ್ಲೋ ಸಿಕ್ಕ ಸಾಲನ್ನ ಎಚ್‌ಟಿಆಕ್ಸೆಸ್‌ಗೆ ಹಾಕ್ದೆ. ಈಗ 500 ಎರರ್ ಬರ್ತಿದೆ

ಎಚ್‌ಟಿಆಕ್ಸೆಸ್ ಎಂದರೆ ಆ ಫೋಲ್ಡರ್‌ನ ಮಟ್ಟಿಗೆ ವೆಬ್ ಸರ್ವರ್ ಹೇಗೆ ನಡೆದುಕೊಳ್ಳಬೇಕೆಂದು ಹೇಳುವ ಫೈಲ್. ನೀವು ಹಾಕಿದ ಸಾಲು ಬೇರೆ ಯಾರದೋ ಸರ್ವರ್‌ಗೆ ಬರೆದದ್ದು. ‘ಆಡ್‌ಹ್ಯಾಂಡ್ಲರ್’ ಎಂದು ಶುರುವಾಗುವ ಸಾಲಿನಲ್ಲಿ ಇರುವ ಹ್ಯಾಂಡ್ಲರ್ (ಪಿಎಚ್‌ಪಿ ಫೈಲನ್ನು ಓಡಿಸುವ ಭಾಗ) ಹೆಸರು ಹೋಸ್ಟಿಂಗ್‌ನಿಂದ ಹೋಸ್ಟಿಂಗ್‌ಗೆ ಬೇರೆ. ಹೆಸರು ತಪ್ಪಾದರೆ 500 ಬರಬಹುದು. ಇನ್ನೂ ಕೆಟ್ಟದ್ದೆಂದರೆ, ಪಿಎಚ್‌ಪಿ ಫೈಲ್ ಓಡುವ ಬದಲು ಹಾಗೆಯೇ ಡೌನ್‌ಲೋಡ್ ಆಗಬಹುದು. ಆಗ ನಿಮ್ಮ ಕೋಡ್ ಜಗತ್ತಿಗೆಲ್ಲ ಕಾಣುತ್ತದೆ. ಡೇಟಾಬೇಸ್ ಪಾಸ್‌ವರ್ಡ್ ಇರುವ ಫೈಲ್ ಹಾಗೆ ಹೊರಬಿದ್ದಿರಬಹುದೆಂಬ ಅನುಮಾನ ಬಂದರೂ ಸಾಕು, ಪಾಸ್‌ವರ್ಡ್ ಬದಲಾಯಿಸಿ.

‘ಪಿಎಚ್‌ಪಿ ವ್ಯಾಲ್ಯೂ’ ಎಂದು ಶುರುವಾಗುವ ಸಾಲುಗಳದ್ದು ಇನ್ನೊಂದು ಕಥೆ. ಪಿಎಚ್‌ಪಿ ಅಪಾಚಿ ಎಂಬ ವೆಬ್ ಸರ್ವರ್‌ನ ಒಳಗೇ ಮಾಡ್ಯೂಲ್ ಆಗಿ ಓಡುವ ಕಡೆ ಅವು ನಡೆಯುತ್ತವೆ. ಸರ್ವರ್ ಎಪಿಐ ಸಾಲಿನಲ್ಲಿ ‘ಎಫ್‌ಪಿಎಂ’ ಅಥವಾ ‘ಸಿಜಿಐ’ ಎಂದಿದ್ದರೆ ಅಪಾಚಿಗೆ ಆ ಸಾಲು ಅರ್ಥವಾಗದೆ 500 ಕೊಡುತ್ತದೆ. ಅಲ್ಲಿ ಯೂಸರ್ ಐಎನ್‌ಐ ಬಳಸಬೇಕು.

ಎಚ್‌ಟಿಆಕ್ಸೆಸ್‌ನಲ್ಲಿ ಸಿಪ್ಯಾನೆಲ್ ತಾನೇ ಬರೆದ ತುಣುಕೂ ಇರುತ್ತದೆ. ‘ತಿದ್ದಬೇಡಿ’ ಎಂದು ಅದರ ತಲೆಯ ಮೇಲೆಯೇ ಇಂಗ್ಲಿಷಿನಲ್ಲಿ ಬರೆದಿರುತ್ತದೆ. ದಯವಿಟ್ಟು ಆ ಮಾತು ಕೇಳಿ. ಒಂದು ಹೋಸ್ಟಿಂಗ್‌ನಿಂದ ಇನ್ನೊಂದಕ್ಕೆ ಸೈಟ್ ಸಾಗಿಸುವಾಗ ಮಾತ್ರ ಆ ತುಣುಕನ್ನು ತೆಗೆಯಬೇಕು. ಹಳೆ ಮನೆಯ ಹ್ಯಾಂಡ್ಲರ್ ಹೊಸ ಮನೆಯಲ್ಲಿ ಇರುವುದಿಲ್ಲ.

ಸೈಟ್ 8.3ರಲ್ಲಿದೆ, ಆದ್ರೆ ಕ್ರಾನ್ ಜಾಬ್ ಮಾತ್ರ ಹಳೆ ವರ್ಷನ್‌ನಲ್ಲೇ ಓಡ್ತಿದೆ. ಹೇಗೆ?

ನೀವು ಪ್ಯಾನೆಲ್‌ನಲ್ಲಿ ಬದಲಾಯಿಸಿದ್ದು ವೆಬ್‌ನಿಂದ ಬರುವ ಕೋರಿಕೆಗಳಿಗೆ. ಕ್ರಾನ್, ಅಂದರೆ ಗೊತ್ತುಮಾಡಿದ ಹೊತ್ತಿಗೆ ಸರ್ವರ್ ತಾನೇ ಮಾಡುವ ಕೆಲಸ, ಕಮಾಂಡ್ ಲೈನ್‌ನಿಂದ ಓಡುತ್ತದೆ. ಸುಮ್ನೆ ‘ಪಿಎಚ್‌ಪಿ’ ಎಂದು ಕರೆದರೆ ಸರ್ವರ್‌ನ ಮಾಮೂಲಿ ವರ್ಷನ್ ಎದ್ದು ಬರಬಹುದು. ನನ್ನದೇ ಒಂದು ಸೈಟ್‌ನಲ್ಲಿ ಹೀಗಾಗಿತ್ತು. ಪುಟಗಳೆಲ್ಲ ಸರಿ. ರಾತ್ರಿ ಹೋಗಬೇಕಾದ ಇಮೇಲ್‌ಗಳು ಮಾತ್ರ ಮೂರು ದಿನ ಹೋಗಲೇ ಇಲ್ಲ. ಪಿಎಚ್‌ಪಿ ಲೈಬ್ರರಿಗಳನ್ನು ನಿಭಾಯಿಸುವ ಕಂಪೋಸರ್ ತನಗೆ 8.1 ಅಥವಾ ಮೇಲಿನದು ಬೇಕು, ಓಡುತ್ತಿರುವುದು 7.4.33 ಎಂದು ಪ್ರತಿ ರಾತ್ರಿ ಸ್ಪಷ್ಟವಾಗಿ ಹೇಳುತ್ತಿತ್ತು. ಆ ಸಂದೇಶ ಹೋಗುತ್ತಿದ್ದ ವಿಳಾಸವನ್ನು ನಾನು ನೋಡುತ್ತಿರಲಿಲ್ಲ.

ಪರಿಹಾರ ಸರಳ, ಕ್ರಾನ್‌ನಲ್ಲಿ ಪಿಎಚ್‌ಪಿಯ ಪೂರ್ತಿ ದಾರಿ ಬರೆಯಿರಿ. ಸಿಪ್ಯಾನೆಲ್ ಸರ್ವರ್‌ಗಳಲ್ಲಿ ಅದು ‘ಆಪ್ಟ್’ ಫೋಲ್ಡರ್, ಅದರೊಳಗೆ ‘ಸಿಪ್ಯಾನೆಲ್’, ಅದರೊಳಗೆ ‘ಇಎ-ಪಿಎಚ್‌ಪಿ83’, ಅಲ್ಲಿಂದ ‘ರೂಟ್’, ‘ಯುಎಸ್‌ಆರ್’, ‘ಬಿನ್’ ದಾಟಿ ‘ಪಿಎಚ್‌ಪಿ’. ಮುಂದೆ ವರ್ಷನ್ ಬದಲಾಯಿಸಿದಾಗ ಈ ದಾರಿಯನ್ನೂ ಬದಲಾಯಿಸಬೇಕು.

5.6ಕ್ಕೆ ಬರೆದ ಹಳೆ ಕೋಡ್ ಇದೆ. ನೇರವಾಗಿ 8ಕ್ಕೆ ಹೋಗ್ಲಾ, ಮೆಟ್ಟಿಲು ಮೆಟ್ಟಿಲಾಗಿ ಹೋಗ್ಲಾ?

ನಕಲು ಸೈಟ್‌ನಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಹೋಗಿ, ಅಸಲಿಯಲ್ಲಿ ಒಂದೇ ಸಲ ಬದಲಾಯಿಸಿ. 7.0ದಲ್ಲಿ ಹಳೆಯ ‘ಮೈಎಸ್‌ಕ್ಯುಎಲ್’ ಫಂಕ್ಷನ್‌ಗಳೂ ‘ಇರೆಗ್’ ಫಂಕ್ಷನ್‌ಗಳೂ ಹೋದವು. 7.2ರಲ್ಲಿ ‘ಎಂಕ್ರಿಪ್ಟ್’ ಹೊರಬಿತ್ತು. 8.0ಯಲ್ಲಿ ‘ಈಚ್’, ‘ಕ್ರಿಯೇಟ್ ಫಂಕ್ಷನ್’ ಎರಡೂ ಹೋದವು. ಇವೆಲ್ಲ ಲಾಗ್‌ನಲ್ಲಿ ಕೂಗಿ ಹೇಳುತ್ತವೆ, ಹಾಗಾಗಿ ಹುಡುಕುವುದು ಕಷ್ಟವಲ್ಲ. ಮೆಟ್ಟಿಲಾಗಿ ಹೋದರೆ ಒಂದು ಸಲಕ್ಕೆ ಒಂದು ಗುಂಪು ತಪ್ಪು ಮಾತ್ರ ಎದುರಾಗುತ್ತದೆ.

ನನಗೆ ಭಯ ಹುಟ್ಟಿಸುವುದು ಕೂಗದ ಬದಲಾವಣೆಗಳು. ಒಮ್ಮೆ ಒಂದು ಪಟ್ಟಿಯ ಪುಟ 8ಕ್ಕೆ ಹೋದ ಮೇಲೆ ಖಾಲಿಯಾಗಿ ಬರತೊಡಗಿತು. ಲಾಗ್‌ನಲ್ಲಿ ಒಂದು ಸಾಲೂ ಇಲ್ಲ. ಒಂದು ಇಡೀ ಸಂಜೆ ಹುಡುಕಿದ ಮೇಲೆ ಸಿಕ್ಕಿತು. ವಿಭಾಗ ಸೊನ್ನೆಗೆ ಸಮವಾಗಿದ್ದರೆ ಎಲ್ಲವನ್ನೂ ತೋರಿಸು ಎಂದು ಕೋಡ್‌ನಲ್ಲಿತ್ತು. ಏನೂ ಆರಿಸದಿದ್ದಾಗ ಫಾರಂನಿಂದ ಬರುತ್ತಿದ್ದದ್ದು ಖಾಲಿ ಪಠ್ಯ. ಖಾಲಿ ಪಠ್ಯವೂ ಸೊನ್ನೆಯೂ ಸಮ ಎಂದು 7 ಒಪ್ಪುತ್ತಿತ್ತು. 8 ಒಪ್ಪುವುದಿಲ್ಲ. 8 ಮಾಡಿದ್ದೇ ಸರಿ, ನಮ್ಮ ಕೋಡ್ ತಪ್ಪು. ಆದರೆ ಇದು ಸಿಗುವುದು ಪ್ರತಿ ಪುಟ ತೆರೆದು, ಪ್ರತಿ ಫಾರಂ ತುಂಬಿ, ಪ್ರತಿ ಹುಡುಕಾಟ ಮಾಡಿ ನೋಡಿದಾಗ ಮಾತ್ರ. ಮುಖಪುಟ ತೆರೆದುಕೊಂಡಿತು ಎಂದು ಕೆಲಸ ಮುಗಿಸಬೇಡಿ.

ಹಳೆ ವರ್ಷನ್‌ಗೂ ಸೆಕ್ಯುರಿಟಿ ಪ್ಯಾಚ್ ಹಾಕ್ತೀವಿ ಅಂತ ಹೋಸ್ಟಿಂಗ್‌ನವರು ಹೇಳ್ತಾರೆ. ಅಷ್ಟು ಸಾಕಲ್ವಾ?

ಅವರು ಹೇಳುವುದು ನಿಜವಿರಬಹುದು. ಕ್ಲೌಡ್‌ಲಿನಕ್ಸ್‌ನ ‘ಹಾರ್ಡನ್ಡ್ ಪಿಎಚ್‌ಪಿ’ ಬೆಂಬಲ ಮುಗಿದ ವರ್ಷನ್‌ಗಳಿಗೂ ಭದ್ರತೆಯ ತೇಪೆ ಹಾಕುತ್ತದೆ. ಕೋಡ್ ತಿದ್ದಲು ಒಂದೆರಡು ತಿಂಗಳು ಬೇಕಾದವರಿಗೆ ಇದು ಒಳ್ಳೆಯ ಆಸರೆ. ಆದರೆ ಅದು ಮುಚ್ಚುವುದು ಪಿಎಚ್‌ಪಿಯ ತೂತುಗಳನ್ನು ಮಾತ್ರ. ನಿಮ್ಮ ಪ್ಲಗಿನ್‌ಗಳ ಹೊಸ ಆವೃತ್ತಿಗಳು ಹಳೆ ಪಿಎಚ್‌ಪಿಯನ್ನು ಕೈಬಿಡುತ್ತಾ ಹೋಗುತ್ತವೆ. ಆಗ ಪ್ಲಗಿನ್‌ನ ತೂತುಗಳು ತೆರೆದೇ ಉಳಿಯುತ್ತವೆ, ಮತ್ತು ಸೈಟ್‌ಗೆ ಕನ್ನ ಬೀಳುವುದು ಜಾಸ್ತಿ ಆ ಕಡೆಯಿಂದಲೇ.

ದುಡ್ಡು ಕೊಟ್ಟು ತಗೊಂಡ ಸ್ಕ್ರಿಪ್ಟ್ ಇದೆ. ಫೈಲ್ ತೆರೆದ್ರೆ ಬರೀ ಗೊಂದಲದ ಅಕ್ಷರಗಳು. ಇದನ್ನ ಹೊಸ ವರ್ಷನ್‌ಗೆ ತರೋದು ಹೇಗೆ?

ಅದು ಬಹುಶಃ ಅಯಾನ್‌ಕ್ಯೂಬ್ ಎಂಬ ಸಾಧನದಿಂದ, ಬೇರೆಯವರು ಓದಲಾಗದಂತೆ ಮುಚ್ಚಿದ ಕೋಡ್. ಓಡಲು ಆ ವರ್ಷನ್‌ಗೆ ಹೊಂದುವ ಅಯಾನ್‌ಕ್ಯೂಬ್ ಲೋಡರ್ ಬೇಕು. 8.0ಗೆ ಅವರು ಲೋಡರ್ ತರಲೇ ಇಲ್ಲ, 7.4ರಿಂದ 8.1ಕ್ಕೆ ಹೋದರು. ಲೋಡರ್ ಇದ್ದರೂ ಒಳಗಿನ ಕೋಡ್ ಹಳೆಯದಾಗಿದ್ದರೆ ಓಡುವುದಿಲ್ಲ, ತಿದ್ದಲು ನಿಮ್ಮಿಂದ ಆಗುವುದೂ ಇಲ್ಲ. ಮಾರಿದವರ ಹತ್ತಿರ ಹೊಸ ಪ್ರತಿ ಕೇಳಿ. ಯಾವ ವರ್ಷನ್‌ಗೆ ಮುಚ್ಚಿಕೊಡುತ್ತಾರೆ ಎಂಬುದನ್ನು ಮೊದಲೇ ಬರವಣಿಗೆಯಲ್ಲಿ ಪಡೆದುಕೊಳ್ಳಿ. ಅವರು ಉತ್ತರ ಕೊಡದಿದ್ದರೆ, ಸೈಟ್ ಇನ್ನೂ ಓಡುತ್ತಿರುವಾಗಲೇ ಅದರ ಡೇಟಾವನ್ನು ಹೊರತೆಗೆದು ಬೇರೆ ಸ್ಕ್ರಿಪ್ಟ್‌ಗೆ ಸಾಗಿಸಲು ಶುರು ಮಾಡಿ.